ಕೆಲಸದ ನಡುವೆಯೇ ಕಲಿಸುವಿಕೆ: ಬಿಡುವಿಲ್ಲದ ಮಾಲೀಕರಿಗೊಂದು ಲೆಕ್ಕಾಚಾರ

ಬೆಳಿಗ್ಗೆ ಬಾಗಿಲು ತೆರೆದ ಕ್ಷಣದಿಂದ ರಾತ್ರಿ ಬೀಗ ಹಾಕುವವರೆಗೆ ಸಣ್ಣ ವ್ಯಾಪಾರಸ್ಥನ ಅಥವಾ ಸಣ್ಣ ಉದ್ದಿಮೆದಾರನ ಬಳಿಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಈ ಗಿರಾಕಿಗೆ ಉದ್ರಿ ಕೊಡಬಹುದೇ? ಈ ಬಿಲ್ಲಿಗೆ ಯಾವ ತೆರಿಗೆ ದರ? ಲಾರಿಯಲ್ಲಿ ಎರಡು ಚೀಲ ಕಡಿಮೆ ಬಂದಿದೆ, ಏನು ಮಾಡಬೇಕು? ಪ್ರತಿಯೊಂದು ಪ್ರಶ್ನೆಗೂ ಮಾಲೀಕನು ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ತನ್ನ ಕೆಲಸಕ್ಕೆ ಮರಳುತ್ತಾನೆ. ಮರುದಿನ ಅದೇ ನೌಕರ ಅದೇ ಪ್ರಶ್ನೆಯೊಂದಿಗೆ ಮತ್ತೆ ಎದುರು ನಿಲ್ಲುತ್ತಾನೆ. ಸಿಬ್ಬಂದಿಗೆ ತರಬೇತಿ ಕೊಡಬಾರದೇ ಎಂದು ಯಾರಾದರೂ ಕೇಳಿದರೆ, "ಉಸಿರಾಡಲೂ ಪುರುಸೊತ್ತಿಲ್ಲ, ಇನ್ನು ಪಾಠ ಮಾಡುವುದು ಯಾವಾಗ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅದರ ಹಿಂದೆ ಒಂದು ತಪ್ಪು ಗ್ರಹಿಕೆ ಇದೆ. ತರಬೇತಿಯೆಂದರೆ ದಿನದ ಕೆಲಸಕ್ಕೆ ಹೊರತಾದ, ಬೇರೆ ಸಮಯ ಬೇಡುವ, ಕೊಠಡಿಯಲ್ಲಿ ಕುಳಿತು ಕೇಳುವ ಉಪನ್ಯಾಸ ಎಂದು ಬಹುತೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಮಾಲೀಕನು ಪ್ರತಿದಿನವೂ ನೌಕರರಿಗಾಗಿ ಸಮಯ ವ್ಯಯಿಸುತ್ತಲೇ ಇದ್ದಾನೆ. ಆ ಸಮಯ ಉತ್ತರ ಹೇಳುವುದಕ್ಕೆ ಖರ್ಚಾಗುತ್ತಿದೆಯೇ ಅಥವಾ ಕಲಿಸುವುದಕ್ಕೆ ಹೂಡಿಕೆಯಾಗುತ್ತಿದೆಯೇ ಎಂಬುದಷ್ಟೇ ವಿಚಾರಣೀಯ ಅಂಶ.

ಲೆಕ್ಕಕ್ಕೆ ಬಾರದ ವೆಚ್ಚ

ಹತ್ತು ಜನ ನೌಕರರಿರುವ ಒಂದು ಸಂಸ್ಥೆಯನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ದಿನಕ್ಕೆ 20 ಪ್ರಶ್ನೆಗಳು ಮಾಲೀಕನ ಬಳಿಗೆ ಬರುತ್ತವೆ, ಪ್ರತಿಯೊಂದಕ್ಕೂ ಸರಾಸರಿ 3 ನಿಮಿಷ ಬೇಕಾಗುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 60 ನಿಮಿಷ. ತಿಂಗಳಿಗೆ 25 ಕೆಲಸದ ದಿನಗಳಂತೆ 25 ಗಂಟೆ. ವರ್ಷಕ್ಕೆ 300 ಗಂಟೆ. ದಿನಕ್ಕೆ 8 ಗಂಟೆಯ ಕೆಲಸವೆಂದು ಲೆಕ್ಕ ಹಾಕಿದರೆ ಇದು ಮೂವತ್ತೇಳೂವರೆ ದಿನಗಳಿಗೆ ಸಮ. ಅಂದರೆ ಮಾಲೀಕನು ವರ್ಷದಲ್ಲಿ ಒಂದು ತಿಂಗಳಿಗೂ ಮೀರಿದ ಸಮಯವನ್ನು ಹೇಳಿದ್ದನ್ನೇ ಹೇಳುವುದರಲ್ಲಿ ಕಳೆಯುತ್ತಾನೆ. ಲಾಭ-ನಷ್ಟದ ಪಟ್ಟಿಯಲ್ಲಿ ಇದು ಯಾವ ಶೀರ್ಷಿಕೆಯಡಿಯೂ ಕಾಣಿಸುವುದಿಲ್ಲ. ಕಾಣಿಸದ ವೆಚ್ಚವನ್ನು ಕಡಿಮೆ ಮಾಡುವ ಯೋಚನೆಯೂ ಯಾರಿಗೂ ಬರುವುದಿಲ್ಲ.

ಈಗ ಇನ್ನೊಂದು ಬದಿಯನ್ನು ನೋಡಬೇಕು. ಆ 20 ಪ್ರಶ್ನೆಗಳಲ್ಲಿ 4 ಪ್ರಶ್ನೆಗಳು ಸರಕು ಸ್ವೀಕಾರ ಮತ್ತು ಖರೀದಿ ಬಿಲ್ಲಿಗೆ ಸಂಬಂಧಿಸಿದವು ಎಂದು ಭಾವಿಸಿದರೆ, ಅದೊಂದೇ ಕೆಲಸಕ್ಕೆ ದಿನಕ್ಕೆ 12 ನಿಮಿಷ ಹೋಗುತ್ತಿದೆ. ಆ ಕೆಲಸದ ಹಂತಗಳನ್ನು ಬರೆದಿಡಲು ಒಂದು ಗಂಟೆ, ಕಲಿಸಲು 20 ನಿಮಿಷಗಳ ಮೂರು ಅವಧಿ, ಹೀಗೆ ಒಟ್ಟು 2 ಗಂಟೆ ಬೇಕಾಗಬಹುದು. ಪ್ರಶ್ನೆಗಳು ಪೂರ್ಣವಾಗಿ ನಿಂತರೆ ಹೂಡಿದ ಸಮಯ 10 ಕೆಲಸದ ದಿನಗಳಲ್ಲಿ ಮರಳಿ ಬರುತ್ತದೆ. ಅರ್ಧದಷ್ಟೇ ನಿಂತರೂ 20 ದಿನಗಳಲ್ಲಿ ಬರುತ್ತದೆ. ಇಷ್ಟು ಶೀಘ್ರವಾಗಿ ಅಸಲು ಹಿಂದಿರುಗಿಸುವ ಯಂತ್ರವನ್ನು ಕೊಳ್ಳಲು ಯಾವ ಉದ್ದಿಮೆದಾರನೂ ಹಿಂಜರಿಯಲಾರ.

ಸಮಯಕ್ಕಿಂತಲೂ ದೊಡ್ಡ ವೆಚ್ಚ ಇನ್ನೊಂದಿದೆ. ಎಲ್ಲ ತಿಳಿವಳಿಕೆಯೂ ಒಬ್ಬನ ತಲೆಯಲ್ಲೇ ಉಳಿದಿರುವ ಸಂಸ್ಥೆಯಲ್ಲಿ ಆತ ಹದಿನೈದು ದಿನ ಆಸ್ಪತ್ರೆ ಸೇರಿದರೆ ವ್ಯವಹಾರವೇ ಸ್ತಬ್ಧವಾಗುತ್ತದೆ. ಬ್ಯಾಂಕಿನ ಸಾಲವೂ ಸರಕೂ ಗಿರಾಕಿಗಳೂ ಇದ್ದು, ನಡೆಸುವವರಿಲ್ಲದೆ ಮುಚ್ಚಿಹೋದ ಮಳಿಗೆಗಳು ಪ್ರತಿ ಊರಿನಲ್ಲೂ ಸಿಗುತ್ತವೆ. ಆದ್ದರಿಂದ ಸಿಬ್ಬಂದಿಯನ್ನು ತಯಾರು ಮಾಡುವುದು ಕೇವಲ ದಕ್ಷತೆಯ ವಿಷಯವಲ್ಲ, ಸಂಸ್ಥೆಯ ಉಳಿವಿನ ವಿಷಯ.

ಯುದ್ಧಕಾಲ ಕಲಿಸಿದ ಪಾಠ

ಕೆಲಸದ ನಡುವೆ ಕಲಿಸುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದ ಕೀರ್ತಿ ಅಮೆರಿಕದ ಒಂದು ಯುದ್ಧಕಾಲದ ಯೋಜನೆಗೆ ಸಲ್ಲುತ್ತದೆ. 1940ರಲ್ಲಿ ಆರಂಭವಾಗಿ 1945ರವರೆಗೆ ನಡೆದ ಈ ಯೋಜನೆಯ ಹೆಸರು 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ', ಅಂದರೆ ಕೈಗಾರಿಕೆಯ ಒಳಗೇ ತರಬೇತಿ. ನುರಿತ ಕೆಲಸಗಾರರು ಸೈನ್ಯಕ್ಕೆ ಸೇರಿದಾಗ, ಕಾರ್ಖಾನೆಯ ಮೆಟ್ಟಿಲನ್ನೇ ಹತ್ತದಿದ್ದ ಸ್ತ್ರೀಪುರುಷರು ಅವರ ಸ್ಥಾನಕ್ಕೆ ಬಂದರು. ಉತ್ಪಾದನೆ ನಿಲ್ಲಿಸಿ ಪಾಠ ಹೇಳುವಂತಿರಲಿಲ್ಲ, ಪಾಠವಿಲ್ಲದೆ ಉತ್ಪಾದನೆ ಸಾಗುವಂತೆಯೂ ಇರಲಿಲ್ಲ. ಇಂದಿನ ಸಣ್ಣ ಉದ್ದಿಮೆದಾರನ ಇಕ್ಕಟ್ಟೂ ಇದೇ ಬಗೆಯದು.

ಆ ಯೋಜನೆಯ ಆರಂಭದ ದಿನಗಳಲ್ಲಿ ಎದುರಾದ ಸಮಸ್ಯೆಗಳಲ್ಲಿ ಮಸೂರಗಳನ್ನು ಉಜ್ಜಿ ಹೊಳಪು ಕೊಡುವ ಕುಶಲಕರ್ಮಿಗಳ ಕೊರತೆಯೂ ಒಂದು. ಅದು ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ ಎಂಬ ನಂಬಿಕೆ ಇತ್ತು. ಆದರೆ ಕೆಲಸವನ್ನು ಬಿಡಿಬಿಡಿಯಾಗಿ ಪರಿಶೀಲಿಸಿದಾಗ, ಅದರ ಹಲವು ಭಾಗಗಳು ಹೊಸಬರೂ ಬೇಗ ಕಲಿಯಬಹುದಾದಂಥವು, ನಿಜವಾದ ಪರಿಣತಿ ಬೇಡುವ ಭಾಗಗಳು ಕೆಲವೇ ಎಂಬುದು ಗೊತ್ತಾಯಿತು. ತಿಳಿದವನು ಹಂತಗಳನ್ನು ಬಿಡಿಸಿ ಹೇಳದಿದ್ದುದೇ ಕಲಿಕೆ ಕಷ್ಟವಾಗಲು ಬಹುಮಟ್ಟಿಗೆ ಕಾರಣವಾಗಿತ್ತು.

ಮೇಲ್ವಿಚಾರಕರಿಗೆ ಕಲಿಸುವ ವಿಧಾನವನ್ನು ತಲಾ ಎರಡು ಗಂಟೆಗಳ ಐದು ಅವಧಿಗಳಲ್ಲಿ, ಅಂದರೆ ಒಟ್ಟು 10 ಗಂಟೆಗಳಲ್ಲಿ ಹೇಳಿಕೊಡಲಾಗುತ್ತಿತ್ತು. ಮೊದಲ ಪಾಠವೇ ಸ್ವಾರಸ್ಯಕರ. ವಿದ್ಯುತ್ ತಂತಿಗೆ ಹಾಕುವ ಒಂದು ಬಗೆಯ ಗಂಟನ್ನು ತರಬೇತುದಾರನು ಮೊದಲು ಬಾಯಿಮಾತಿನಲ್ಲಿ ಮಾತ್ರ ವಿವರಿಸುತ್ತಿದ್ದ. ಕೇಳಿದವನಿಂದ ಆ ಗಂಟು ಹಾಕಲಾಗುತ್ತಿರಲಿಲ್ಲ. ಅನಂತರ ಮಾತಿಲ್ಲದೆ ಮಾಡಿ ಮಾತ್ರ ತೋರಿಸುತ್ತಿದ್ದ. ಆಗಲೂ ಆಗುತ್ತಿರಲಿಲ್ಲ. ಹೇಳುವುದು, ತೋರಿಸುವುದು, ಮಾಡಿಸುವುದು ಮೂರೂ ಕೂಡಿದಾಗಲೇ ಗಂಟು ಕೈಗೆ ಬರುತ್ತಿತ್ತು. ಕೆಲಸಗಾರನು ಕಲಿಯಲಿಲ್ಲವೆಂದರೆ ಕಲಿಸುವವನು ಕಲಿಸಲಿಲ್ಲವೆಂದೇ ಅರ್ಥ ಎಂಬುದು ಆ ಯೋಜನೆಯ ಮೂಲಸೂತ್ರ. ಯುದ್ಧದ ನಂತರ ಈ ಕ್ರಮ ಜಪಾನಿಗೆ ಹೋಯಿತು. 1950ರ ದಶಕದ ಆರಂಭದಲ್ಲಿ ಟೊಯೋಟಾ ಕಂಪನಿ ಅದನ್ನು ಅಳವಡಿಸಿಕೊಂಡಿತು. ಅದೇ ಕಂಪನಿಯ ಭಾರತೀಯ ಅಂಗಸಂಸ್ಥೆಯು ಬಿಡದಿಯಲ್ಲಿ 2007ರಲ್ಲಿ ಗ್ರಾಮೀಣ ಯುವಕರಿಗಾಗಿ ತಾಂತ್ರಿಕ ತರಬೇತಿ ಸಂಸ್ಥೆಯನ್ನು ಆರಂಭಿಸಿದ್ದು ಕರ್ನಾಟಕದ ಉದ್ಯಮಿಗಳಿಗೆ ತಿಳಿದ ವಿಷಯವೇ ಆಗಿದೆ.

ನಾಲ್ಕು ಹಂತಗಳು

ಈ ಕ್ರಮದಲ್ಲಿ ಕಲಿಸುವಿಕೆಗೆ ನಾಲ್ಕು ಹಂತಗಳಿವೆ.

1. ಕಲಿಯುವವನನ್ನು ಸಿದ್ಧಗೊಳಿಸುವುದು. ಅವನ ಅಂಜಿಕೆ ಹೋಗಲಾಡಿಸಿ, ಈ ಕೆಲಸದ ಬಗ್ಗೆ ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ ತಿಳಿಯಬೇಕು. ಗೊತ್ತಿದ್ದುದನ್ನೇ ಹೇಳುತ್ತ ಹೋದರೆ ಇಬ್ಬರಿಗೂ ಬೇಸರ.

2. ಕೆಲಸವನ್ನು ಮಾಡಿ ತೋರಿಸುವುದು. ಒಂದು ಸಲಕ್ಕೆ ಒಂದು ಹಂತ. ಪ್ರತಿ ಹಂತದಲ್ಲೂ ಎಚ್ಚರ ವಹಿಸಬೇಕಾದ ಅಂಶ ಯಾವುದು, ಅದು ಏಕೆ ಮುಖ್ಯ ಎಂದು ಹೇಳಬೇಕು. ಅವನು ಗ್ರಹಿಸಬಲ್ಲಷ್ಟನ್ನು ಮಾತ್ರ ಹೇಳಬೇಕು.

3. ಅವನಿಂದ ಮಾಡಿಸುವುದು. ಮಾಡುತ್ತಿರುವಾಗಲೇ ಏನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂದು ಅವನ ಬಾಯಿಂದಲೇ ಹೇಳಿಸಬೇಕು. ತಪ್ಪಿದರೆ ಆ ಕ್ಷಣದಲ್ಲೇ ತಿದ್ದಬೇಕು.

4. ಸ್ವತಂತ್ರವಾಗಿ ಬಿಟ್ಟು ಗಮನಿಸುವುದು. ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಮೊದಮೊದಲು ಮೇಲಿಂದ ಮೇಲೆ, ಅನಂತರ ಅಪರೂಪಕ್ಕೆ ಪರಿಶೀಲಿಸಬೇಕು.

ನಮ್ಮಲ್ಲಿ ಎರಡನೆಯ ಹಂತ ಹೇಗೋ ನಡೆಯುತ್ತದೆ. ಮೂರನೆಯ ಮತ್ತು ನಾಲ್ಕನೆಯ ಹಂತಗಳು ಬಿಟ್ಟುಹೋಗುತ್ತವೆ. "ಗೊತ್ತಾಯ್ತಾ?" ಎಂಬ ಪ್ರಶ್ನೆಗೆ "ಹೂಂ ಯಜಮಾನ್ರೇ" ಎಂಬ ಉತ್ತರ ಬಂದೊಡನೆ ಪಾಠ ಮುಗಿಯಿತೆಂದು ತಿಳಿಯಲಾಗುತ್ತದೆ. ಮಾಲೀಕನ ಎದುರು ಗೊತ್ತಾಗಲಿಲ್ಲವೆಂದು ಹೇಳುವ ಧೈರ್ಯ ಹೊಸ ಹುಡುಗನಿಗೆ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಒಂದು ಕೆಲಸದ ವಿಂಗಡಣೆ

ಮೇಲೆ ಹೇಳಿದ ಸರಕು ಸ್ವೀಕಾರದ ಕೆಲಸವನ್ನೇ ತೆಗೆದುಕೊಂಡು ಹಂತ, ಎಚ್ಚರದ ಅಂಶ ಮತ್ತು ಕಾರಣಗಳನ್ನು ಹೀಗೆ ಬರೆದಿಡಬಹುದು.

ಮೊದಲ ಹಂತ, ಬಿಲ್ಲನ್ನು ಖರೀದಿ ಆದೇಶದೊಂದಿಗೆ ತಾಳೆ ನೋಡುವುದು. ದರ, ಪ್ರಮಾಣ ಮತ್ತು ಬಿಲ್ಲಿನಲ್ಲಿ ನಮೂದಾಗಿರುವ ನಮ್ಮ ಜಿ.ಎಸ್.ಟಿ. ನೋಂದಣಿ ಸಂಖ್ಯೆ, ಈ ಮೂರೂ ಸರಿಯಿರಬೇಕು. ಕಾರಣ, ಸಂಖ್ಯೆ ತಪ್ಪಾಗಿದ್ದರೆ ಆ ಖರೀದಿ ನಮ್ಮ ಜಿ.ಎಸ್.ಟಿ.ಆರ್.-2ಬಿ ತಃಖ್ತೆಯಲ್ಲಿ ಬರುವುದಿಲ್ಲ, ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ.

ಎರಡನೆಯ ಹಂತ, ಸರಕನ್ನು ಎಣಿಸುವುದು ಅಥವಾ ತೂಗುವುದು. ಕೊರತೆ ಅಥವಾ ಹಾನಿ ಕಂಡರೆ ಲಾರಿ ಹೊರಡುವ ಮೊದಲೇ ರಸೀದಿಯ ಪ್ರತಿಯ ಮೇಲೆ ಬರೆದು ಚಾಲಕನ ಸಹಿ ಪಡೆಯಬೇಕು. ಕಾರಣ, ಲಾರಿ ಹೋದ ಮೇಲೆ ಕೊರತೆ ಎಲ್ಲಿ ಆಯಿತೆಂಬುದಕ್ಕೆ ಸಾಕ್ಷ್ಯವಿರುವುದಿಲ್ಲ.

ಮೂರನೆಯ ಹಂತ, ಲೆಕ್ಕಕ್ಕೆ ತೆಗೆದುಕೊಳ್ಳುವುದು. ಸರಬರಾಜುದಾರನ ಬಿಲ್ ಸಂಖ್ಯೆ ಮತ್ತು ದಿನಾಂಕವನ್ನು ಬಿಲ್ಲಿನಲ್ಲಿ ಇರುವಂತೆಯೇ ದಾಖಲಿಸಬೇಕು. ಕಾರಣ, ಪ್ರತಿ ತಿಂಗಳು 14ರಂದು ಸಿದ್ಧವಾಗುವ 2ಬಿ ತಃಖ್ತೆಯೊಂದಿಗೆ ತಾಳೆ ನೋಡುವಾಗ ಇವೆರಡೇ ಆಧಾರ.

ನಾಲ್ಕನೆಯ ಹಂತ, ಪಾವತಿಯ ಗಡುವನ್ನು ಬರೆಯುವುದು. ಸರಬರಾಜುದಾರನು ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಅಥವಾ ಸಣ್ಣ ತಯಾರಕನಾಗಿದ್ದರೆ, 2006ರ ಕಾಯಿದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ಕಾರಣ, ತಡವಾದರೆ ಬಡ್ಡಿ ಕೊಡಬೇಕಾಗುತ್ತದೆ. ಅಲ್ಲದೆ ಗಡುವು ಮೀರಿ ಲೆಕ್ಕದ ವರ್ಷವನ್ನೂ ದಾಟಿದ ಬಾಕಿಯನ್ನು, 2024-25ನೇ ಕರನಿರ್ಧಾರಣಾ ವರ್ಷದಿಂದ ಜಾರಿಯಾದ ನಿಯಮದಂತೆ, ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದು.

ಒಂದು ಪುಟಕ್ಕಿಂತ ಹೆಚ್ಚಿಲ್ಲದ ಈ ಟಿಪ್ಪಣಿಯನ್ನು ಗುಮಾಸ್ತನ ಮೇಜಿನ ಬಳಿ ಅಂಟಿಸಿದರೆ ಅರ್ಧ ಪಾಠ ಮುಗಿದಂತೆ. ಇದರಲ್ಲಿ 'ಕಾರಣ' ಎಂಬ ಭಾಗವನ್ನು ಕೈಬಿಡಬಾರದು. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ಜಿ.ಎಸ್.ಟಿ. ದರಗಳು ಬದಲಾದಾಗ ಇದರ ಮಹತ್ವ ಸ್ಪಷ್ಟವಾಯಿತು. ದರಪಟ್ಟಿಯನ್ನು ಬಾಯಿಪಾಠ ಮಾಡಿದ್ದ ಗುಮಾಸ್ತನಿಗೆ, ಶೇಕಡಾ 12ರ ದರದಲ್ಲಿ ಕೊಂಡ ಹಳೆಯ ದಾಸ್ತಾನನ್ನು ಯಾವ ದರದಲ್ಲಿ ಮಾರಬೇಕೆಂಬ ಗೊಂದಲ ಸಹಜವೇ. ತೆರಿಗೆಯ ದರ ನಿರ್ಧಾರವಾಗುವುದು ಕೊಂಡ ದಿನದಿಂದಲ್ಲ, ಮಾರಾಟದ ಪೂರೈಕೆಯಿಂದ ಎಂಬ ಕಾರಣವನ್ನು ಅರಿತವನಿಗೆ ಈ ಗೊಂದಲ ಬರುವುದಿಲ್ಲ.

ದಿನದಲ್ಲಿ ಅವಕಾಶಗಳೆಲ್ಲಿ?

ಕಲಿಸಲು ಬೇರೆ ಸಮಯ ಹುಡುಕಬೇಕಾಗಿಲ್ಲ. ದಿನಚರಿಯಲ್ಲೇ ಇರುವ ಕೆಲವು ಸಂದರ್ಭಗಳನ್ನು ಬಳಸಿಕೊಂಡರೆ ಸಾಕು.

ಪ್ರಶ್ನೆ ಬಂದಾಗ: ಕೂಡಲೇ ಉತ್ತರ ಕೊಡುವ ಬದಲು ಒಂದು ಮರುಪ್ರಶ್ನೆ ಕೇಳಬೇಕು. "ಯಜಮಾನ್ರೇ, ಇವರಿಗೆ ಉದ್ರಿ ಕೊಡಬಹುದಾ?" ಎಂದು ಹುಡುಗ ಕೇಳಿದರೆ, "ಅವರ ಹಳೇ ಬಾಕಿ ಎಷ್ಟಿದೆ ನೋಡಿದೆಯಾ? ಹೋದ ಸಲ ಎಷ್ಟು ದಿನಕ್ಕೆ ಕೊಟ್ಟರು? ನಿನಗೇನು ಅನ್ನಿಸುತ್ತೆ?" ಎಂದು ಒಳಗೆ ಕರೆದು ಕೇಳಬಹುದು. ಮೊದಲ ವಾರ ಇದಕ್ಕೆ ಮೂರರ ಬದಲು ಆರು ನಿಮಿಷ ಬೇಕಾಗುತ್ತದೆ. ಎರಡು ಮೂರು ವಾರಗಳಲ್ಲಿ ಅವನು ಬಾಕಿಯ ಪಟ್ಟಿಯನ್ನು ನೋಡಿಕೊಂಡೇ ಬರುತ್ತಾನೆ. ಅನಂತರ ಇಂತಿಷ್ಟು ಮೊತ್ತದವರೆಗೆ ತಾನೇ ತೀರ್ಮಾನಿಸಬಲ್ಲವನಾಗುತ್ತಾನೆ.

ತಪ್ಪು ಕಂಡಾಗ: ಮಾಲೀಕನೇ ಪೆನ್ನು ತೆಗೆದು ತಿದ್ದಿಬಿಡುವುದು ಸುಲಭ. ಆದರೆ ಹಾಗೆ ತಿದ್ದಿದ ತಪ್ಪು ಮರಳಿ ಬರುತ್ತದೆ. ಕಾಗದವನ್ನು ಹಿಂದಿರುಗಿಸಿ, "ಇದರಲ್ಲಿ ಒಂದು ತಪ್ಪಿದೆ, ಹುಡುಕಿ ತಾ" ಎಂದರೆ ಹುಡುಕಿದವನಿಗೆ ಅದು ನೆನಪಿನಲ್ಲಿ ಉಳಿಯುತ್ತದೆ. ಗಿರಾಕಿಗಳ ಎದುರು ಅಥವಾ ಸಹೋದ್ಯೋಗಿಗಳ ನಡುವೆ ಗದರುವುದರಿಂದ ಅವನು ಕಲಿಯುವುದು ಒಂದನ್ನೇ, ತಪ್ಪನ್ನು ಮುಚ್ಚಿಡುವುದನ್ನು.

ಹೊರಗೆ ಹೋಗುವಾಗ: ಬ್ಯಾಂಕಿಗೆ, ಸರಬರಾಜುದಾರರಲ್ಲಿಗೆ, ದೂರು ಕೊಟ್ಟ ಗಿರಾಕಿಯ ಬಳಿಗೆ ಹೋಗುವಾಗ ಒಬ್ಬ ನೌಕರನನ್ನು ಜೊತೆಗೆ ಕರೆದೊಯ್ಯಬಹುದು. ಹೋಗುವಾಗ ಉದ್ದೇಶವನ್ನು ಹೇಳಿ, ಬರುವಾಗ ಅವನು ಏನು ಗಮನಿಸಿದ ಎಂದು ಕೇಳಿದರೆ ದಾರಿಯೇ ಪಾಠಶಾಲೆಯಾಗುತ್ತದೆ.

ದಿನದ ಕೊನೆಗೆ: ನಗದು ತಾಳೆ ನೋಡುವ ಹೊತ್ತಿನಲ್ಲಿ ಹತ್ತು ನಿಮಿಷ ಎಲ್ಲರೂ ನಿಂತು, ಇಂದು ಎಡವಟ್ಟಾದದ್ದು ಯಾವುದು, ನಾಳೆ ಹೇಗೆ ಮಾಡಬೇಕು ಎಂದು ಮಾತನಾಡಬಹುದು. ದಿನಕ್ಕೆ ಒಂದೇ ವಿಷಯ ಸಾಕು.

ಇವುಗಳಿಗೆ ಒಂದು ಅಪವಾದವಿದೆ. ತಿರುಗುವ ಯಂತ್ರ, ಕರಗಿದ ಲೋಹ, ವಿದ್ಯುತ್, ರಾಸಾಯನಿಕಗಳ ಬಳಿ "ನಿನಗೇನು ಅನ್ನಿಸುತ್ತೆ?" ಎಂಬ ಪ್ರಶ್ನೆ ಸಲ್ಲದು. ಅಲ್ಲಿ ಮೊದಲು ಸ್ಪಷ್ಟವಾದ ಆಜ್ಞೆ, ಯಂತ್ರ ನಿಂತ ಮೇಲೆ ವಿವರಣೆ.

ಎರಡು ಆತಂಕಗಳು

"ಕಷ್ಟಪಟ್ಟು ಕಲಿಸಿದರೆ ಪಕ್ಕದವರು ಎರಡು ಸಾವಿರ ಹೆಚ್ಚು ಕೊಟ್ಟು ಕರೆದೊಯ್ಯುತ್ತಾರೆ" ಎಂಬುದು ಮೊದಲ ಆತಂಕ. ಕೆಲವರು ಹೋಗುವುದು ಖಂಡಿತ. ಆದರೆ ಕಲಿಯದೆ ಉಳಿದುಕೊಂಡವನಿಂದಾಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಪ್ರತಿಯೊಂದು ಮುಖ್ಯ ಕೆಲಸವೂ ಕನಿಷ್ಠ ಇಬ್ಬರಿಗೆ ಬರುವಂತೆ ನೋಡಿಕೊಳ್ಳುವುದು, ಹಂತಗಳನ್ನು ಬರೆದಿಡುವುದು, ಹೊಸ ಕೆಲಸವನ್ನು ಸ್ವತಂತ್ರವಾಗಿ ಮಾಡಬಲ್ಲವನಾದಾಗ ಸಂಬಳದಲ್ಲಿ ಅದನ್ನು ಗುರುತಿಸುವುದು, ಈ ಮೂರೂ ಇದಕ್ಕೆ ಪರಿಹಾರ. ಹುಡುಗ ಬೆಳೆದಂತೆ ಸಂಬಳ ಬೆಳೆಯದಿದ್ದರೆ, ಅವನು ಹೋದದ್ದಕ್ಕೆ ಕಲಿಕೆಯನ್ನು ದೂರುವುದು ನ್ಯಾಯವಲ್ಲ.

ಎಲ್ಲವನ್ನೂ ಹೇಳಿಕೊಟ್ಟರೆ ಮೋಸವಾದೀತು ಎಂಬುದು ಎರಡನೆಯ ಆತಂಕ. ಕೆಲಸ ಕಲಿಸುವುದು ಬೇರೆ, ಬೀಗದ ಕೈ ಕೊಡುವುದು ಬೇರೆ. ಹಣ ಎಣಿಸುವವನೇ ಲೆಕ್ಕ ಬರೆಯಬಾರದು, ಬಿಲ್ ದಾಖಲಿಸುವವನೇ ಪಾವತಿಗೆ ಅನುಮೋದನೆ ಕೊಡಬಾರದು ಎಂಬ ಆಂತರಿಕ ನಿಯಂತ್ರಣದ ನಿಯಮಗಳು ಹಾಗೆಯೇ ಇರಬೇಕು. ಜವಾಬ್ದಾರಿಯನ್ನು ಮೂರು ಮೆಟ್ಟಿಲುಗಳಲ್ಲಿ ಕೊಡುವುದು ಕ್ಷೇಮ. ಮೊದಲು 'ಕೇಳಿ ಮಾಡು', ಅನಂತರ 'ಮಾಡಿ ಹೇಳು', ಕೊನೆಗೆ 'ನೀನೇ ಮಾಡು, ತಿಂಗಳಿಗೊಮ್ಮೆ ನೋಡುತ್ತೇನೆ'. ವಾಸ್ತವವಾಗಿ, ಒಂದು ಕೆಲಸ ಇಬ್ಬರಿಗೆ ಗೊತ್ತಿರುವಲ್ಲಿ ಮೋಸ ಹೆಚ್ಚು ಕಾಲ ಅಡಗಿರಲಾರದು. ಒಬ್ಬನಿಗೆ ಮಾತ್ರ ಗೊತ್ತಿರುವ ಲೆಕ್ಕವೇ ಅಪಾಯಕಾರಿ.

ಮಾಲೀಕರು ಬಾಯಿಬಿಟ್ಟು ಹೇಳದ ಮೂರನೆಯ ಅಡ್ಡಿಯೂ ಒಂದಿದೆ. "ನಾನಿಲ್ಲದಿದ್ದರೆ ಇಲ್ಲಿ ಒಂದೂ ನಡೆಯುವುದಿಲ್ಲ" ಎಂಬ ಮಾತಿನಲ್ಲಿ ದೂರು ಎಷ್ಟಿದೆಯೋ ಹೆಮ್ಮೆಯೂ ಅಷ್ಟೇ ಇರುತ್ತದೆ. ಇದೇ ಮನೋಭಾವ ಹಿರಿಯ ಮೇಸ್ತ್ರಿಯಲ್ಲಿ ಭಯದ ರೂಪದಲ್ಲಿರುತ್ತದೆ. ಕೈಚಳಕವನ್ನು ಹುಡುಗರಿಗೆ ಹೇಳಿಕೊಟ್ಟರೆ ತನ್ನ ಬೆಲೆ ಹೋದೀತೆಂದು ಅವನು ಅಂಜುತ್ತಾನೆ. ಕಲಿಸುವುದು ಅವನ ಹುದ್ದೆಯ ಭಾಗವೆಂದು ಸ್ಪಷ್ಟಪಡಿಸಿ, ಹುಡುಗನೊಬ್ಬ ತಯಾರಾದಾಗ ಮೇಸ್ತ್ರಿಗೂ ಬೋನಸ್ಸು ಮತ್ತು ಎಲ್ಲರೆದುರು ಒಂದು ಮೆಚ್ಚುಗೆಯ ಮಾತು ಸಲ್ಲಬೇಕು.

ಕಾನೂನಿನ ಬೆಂಬಲ

ಕೆಲಸದ ಜೊತೆಗೆ ಕಲಿಯುವುದಕ್ಕೆ 1961ರ ಶಿಶಿಕ್ಷು ಕಾಯಿದೆಯಲ್ಲಿ ಅವಕಾಶವಿದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಶಿಶಿಕ್ಷುಗಳನ್ನು, ಅಂದರೆ ಅಪ್ರೆಂಟಿಸ್‌ಗಳನ್ನು, ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿ ಇರುವಲ್ಲಿ ಐಚ್ಛಿಕ. ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಡಿ ಶಿಷ್ಯವೇತನದ ಒಂದು ಭಾಗವನ್ನು ಭರಿಸುತ್ತದೆ. ಆದರೆ ಅಪ್ರೆಂಟಿಸ್‌ನನ್ನು ಚಹಾ ತರಲು, ಪಾರ್ಸಲ್ ಸಾಗಿಸಲು ಮಾತ್ರ ಬಳಸಿದರೆ ಕಾಯಿದೆಯ ಉದ್ದೇಶವೂ ಸಂಸ್ಥೆಯ ಲಾಭವೂ ಎರಡೂ ವ್ಯರ್ಥ.

ಒಂದು ತಿಂಗಳ ಪ್ರಯೋಗ

ಆರಂಭಿಸಲು ಬಯಸುವವರು ಹೀಗೆ ಮುಂದುವರಿಯಬಹುದು. ಮೊದಲ ವಾರ, ಬಂದ ಪ್ರಶ್ನೆಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಗೆರೆ ಹಾಕಿ ಎಣಿಸುವುದು. ಎರಡನೆಯ ವಾರ, ಅತಿ ಹೆಚ್ಚು ಪ್ರಶ್ನೆ ಬಂದ ಒಂದೇ ಕೆಲಸವನ್ನು ಆರಿಸಿ ಅದರ ಹಂತ, ಎಚ್ಚರ, ಕಾರಣಗಳನ್ನು ಬರೆಯುವುದು. ಮೂರನೆಯ ವಾರ, ಇಬ್ಬರಿಗೆ ನಾಲ್ಕು ಹಂತಗಳ ಕ್ರಮದಲ್ಲಿ ಕಲಿಸುವುದು. ನಾಲ್ಕನೆಯ ವಾರ, ದೂರದಿಂದ ಗಮನಿಸಿ ಪ್ರಶ್ನೆಗಳನ್ನು ಮತ್ತೆ ಎಣಿಸುವುದು. ಒಂದು ಹಾಳೆಯಲ್ಲಿ ಮೇಲ್ಸಾಲಿಗೆ ಕೆಲಸಗಳ ಹೆಸರು, ಪಕ್ಕಕ್ಕೆ ನೌಕರರ ಹೆಸರು ಬರೆದು, ಯಾರಿಗೆ ಯಾವುದು ಬರುತ್ತದೆ, ಯಾವುದನ್ನು ಯಾವ ದಿನಾಂಕದೊಳಗೆ ಕಲಿಸಬೇಕು ಎಂದು ಗುರುತಿಸಿದರೆ ವರ್ಷದ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ಒಂದೇ ಹೆಸರಿನ ಎದುರು ಗುರುತಿರುವ ಕೆಲಸವೇ ಸಂಸ್ಥೆಯ ದುರ್ಬಲ ಕೊಂಡಿ.

ಆರು ತಿಂಗಳ ನಂತರ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಮಾಲೀಕನು ಒಂದು ಕೆಲಸದ ದಿನ ಅಂಗಡಿಗೆ ಅಥವಾ ಕಾರ್ಖಾನೆಗೆ ಹೋಗದೆ, ದೂರವಾಣಿಯನ್ನೂ ಮುಟ್ಟದೆ ಮನೆಯಲ್ಲಿರುವುದು. ಮರುದಿನ ಬಂದು ನೋಡಿದಾಗ ನಿಂತುಹೋಗಿದ್ದ ಕೆಲಸಗಳೇ ಮುಂದಿನ ಆರು ತಿಂಗಳ ಪಾಠಗಳು. ಸಾಗಿದ್ದ ಕೆಲಸಗಳು, ಆಸ್ತಿ-ಹೊಣೆ ಪಟ್ಟಿಯಲ್ಲಿ ನಮೂದಾಗದಿದ್ದರೂ, ಸಂಸ್ಥೆಯು ಆ ಅವಧಿಯಲ್ಲಿ ಗಳಿಸಿದ ನಿಜವಾದ ಆಸ್ತಿ.